ಎರಡು ಟ್ಯಾಂಕಿನ ಗಾಡಿ

ಜೂನ್ ೧೪, ಯಳಂದೂರು

ಇವತ್ತು ಅವಳು ಮತ್ತೆ ಫೋನ್ ಮಾಡಿದಳು. ಎರಡು ಸಲ ಕಟ್ ಮಾಡಿದೆ. ಮತ್ತೂ ಬಡಿದುಕೊಂಡಾಗ ಎತ್ತಿ, "ಏನು?" ಎಂದೆ.

"ಆ ಗಾಡಿ ಇಂಜೆಕ್ಷನ್ ಸೆಟ್ಟು ನಮ್ಮನೇಲೇ ಅದೆ ಕಣಕ್ಕ. ಇಲಿ ಬಂದು ವೈರ್ ಕಡೀತಾವೆ. ಏನ್ ಮಾಡ್ಲಿ ಯೋಳಿ."

"ಅಕ್ಕ ಅನ್ನಬೇಡ ನನ್ನ" ಎಂದು ಇಟ್ಟುಬಿಟ್ಟೆ.

ನನ್ನ ಗಂಡ ಸಿದ್ದರಾಮ ಸತ್ತದ್ದು ಫೆಬ್ರವರಿಯಲ್ಲಿ. ಮಣ್ಣು ಮಾಡಿ ಬಂದು, ಹಾಲು ತುಪ್ಪ ಬಿಡುವ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿತ್ತು. ಮೇಲೆ "ಗೋಪಿನಾಥಂ ಮೀನು" ಎಂದು ಹೆಸರು. ನಮ್ಮ ಮನೆಗೆ ಮೊಟ್ಟೆಯೂ ಬರುವುದಿಲ್ಲ. ಎತ್ತಿದರೆ ಹೆಂಗಸಿನ ದನಿ. "ಎಲ್ಲಿದ್ದೀರಿ ನೀವು? ಬತ್ತೀನಿ ಅಂದೋರು ಪತ್ತೆನೇ ಇಲ್ವಲ್ಲ!" ಯಜಮಾನರು ತೀರಿಕೊಂಡರು, ನೀನು ಯಾರು ಎಂದೆ. ಆ ಕಡೆ ಪಾತ್ರೆ ಉರುಳಿದ ಸದ್ದಾಯಿತು, ಅಷ್ಟೇ. ಆಮೇಲೆ ಊರಿನವರ ಬಾಯಿಂದ ಒಂದೊಂದೇ ಹೊರಬಿತ್ತು. ಏಳು ವರ್ಷದಿಂದ ಅವಳ ಸಂಗವಂತೆ. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತಂತೆ. ಸಾವಿನ ಮನೆಗೆ ಬಂದು ಹೋದವರೆಲ್ಲ ಅದನ್ನು ಬಾಯೊಳಗೆ ಇಟ್ಟುಕೊಂಡೇ ಕಾಫಿ ಕುಡಿದು ಹೋಗಿದ್ದರು.

ಗಾಡಿ ಹಿತ್ತಿಲ ಹುಣಸೆಮರದಡಿ ನಿಂತಿದೆ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟವೊಂದರಿಂದ ಅವನು ಕೊಂಡು ತಂದ ಹಳೇ ಪೆಟ್ರೋಲ್ ಪಿಕಪ್. ಬೆಟ್ಟದ ಮೇಲೆ ಬಂಕ್ ಇಲ್ಲವೆಂದು ತೋಟದವರು ಸೀಟಿನಡಿಯ ಟ್ಯಾಂಕ್ ಸಾಲದೆ ಹಿಂದೆ ಇನ್ನೊಂದನ್ನು ಕೂರಿಸಿದ್ದರು. ನಮ್ಮ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳೆಲ್ಲ ಮದುವೆ ಮನೆಗಳಿಗೆ ಹೋಗಿ ಬರುತ್ತಿದ್ದದ್ದು ಅದರಲ್ಲೇ. ಜನವರಿಯಲ್ಲಿ ಕಾರ್ಬೊರೇಟರ್ ಒಡೆಯಿತು. ಆ ಕಾಲದ್ದು ಈಗ ಸಿಗುವುದಿಲ್ಲ. ಸಿಕ್ಕಿದರೂ ಹೊಗೆ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. "ಅದನ್ನ ಕಿತ್ತು ಇಂಜೆಕ್ಷನ್ ಹಾಕಿಸ್ತೀನಿ, ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನ ಕಂಪ್ಯೂಟರೇ ಲೆಕ್ಕ ಹಾಕಿ ಚಿಮುಕಿಸುತ್ತೆ" ಎಂದಿದ್ದ. ಮೆಟ್ಟೂರಿನ ಗುಜರಿಯಿಂದ ಸೆಟ್ ತಂದಿದ್ದೇನೆ ಎಂದೂ ಹೇಳಿದ್ದ. ಎಲ್ಲಿಟ್ಟಿದ್ದೀರಿ ಎಂದು ನಾನು ಕೇಳಿರಲಿಲ್ಲ.

ಗಾಡಿ ನನ್ನ ಹಿತ್ತಿಲಲ್ಲಿ, ಸಾಮಾನು ಅವಳ ಮನೆಯಲ್ಲಿ. ಆಷಾಢ ಕಳೆದರೆ ಶ್ರಾವಣ, ಮದುವೆಗಳು. ಬಾಡಿಗೆ ಆಟೋದವರನ್ನು ನಂಬಿ ಈ ಬೇಸಿಗೆಯಲ್ಲಿ ಒಳ್ಳೆ ಮದುವೆ ಮನೆಗಳೆಲ್ಲ ಕೈತಪ್ಪಿದವು. ಹೋಗಿ ತರುತ್ತೇನೆ. ಅವಳ ಜೊತೆ ಒಂದು ಮಾತೂ ಹೆಚ್ಚು ಆಡುವುದಿಲ್ಲ.

ಜೂನ್ ೧೬

ಗೋಪಿನಾಥಂಗೆ ಹೋಗಿಬಂದೆ. ಬೆಟ್ಟದಲ್ಲಿ ಬಸ್ಸಿಗೆ ಕಾದು ಕಾದು ಸೊಂಟ ಬಿದ್ದುಹೋಯಿತು.

ಬಣ್ಣ ಬಳಿದುಕೊಂಡ ಯಾರೋ ಒಬ್ಬಳು ಬಾಗಿಲು ತೆರೆಯುತ್ತಾಳೆ ಅಂದುಕೊಂಡಿದ್ದೆ. ಕಪ್ಪಗೆ ಗಟ್ಟಿಮುಟ್ಟಾಗಿ, ಕೈಯೆಲ್ಲ ಮೀನಿನ ಪೊರೆ ಅಂಟಿಸಿಕೊಂಡು ಬಂದಳು. ಸೀರೆಯ ಮೇಲೆ ಗಂಡಸರ ಅಂಗಿ. ಆ ನೀಲಿ ಗೆರೆಯ ಅಂಗಿಯನ್ನು ಕೊಳ್ಳೇಗಾಲದಲ್ಲಿ ನಾನೇ ಆರಿಸಿ ತಂದಿದ್ದೆ. ಕಳೆದುಹೋಯಿತು ಎಂದಿದ್ದ.

ಮಹದೇವಿ ಅಂತ ಹೆಸರು. ನೀರು ಕೊಟ್ಟಳು, ಮುಟ್ಟಲಿಲ್ಲ. ಮಂಚದಡಿಯಿಂದ ಎರಡು ರಾಗಿ ಚೀಲ ಎಳೆದು ಬಾಯಿ ಬಿಚ್ಚಿದಳು. ವೈರಿನ ಕಂತೆ, ಪಂಪು, ಅಲ್ಯೂಮಿನಿಯಂ ಮೂತಿಯಂಥದ್ದೊಂದು, ಟಿಫನ್ ಡಬ್ಬಿಯಷ್ಟಿರುವ ಕಂಪ್ಯೂಟರು.

"ತಕಂಡೋಗಿ. ಆದ್ರೆ ಒಂದ್ ಮಾತು. ಗಾಡಿ ಓಡಾಕ್ ಶುರುವಾದ್ ಮ್ಯಾಲೆ ವಾರದಲ್ಲಿ ಎಲ್ಡ್ ದಿನ ನಂಗೆ ಬುಡ್ಬೇಕು. ಹೊಳೆ ಮೀನ ಹನೂರ್‌ಗೆ, ಕೊಳ್ಳೇಗಾಲಕ್ಕೆ ಆಕ್ಬೇಕು. ಅವ್ರಿದ್ದಾಗ್ಲೂ ಅಂಗೇ ನಡೀತಿತ್ತು."

"ಮದುವೆ ಪಾತ್ರೆ ಹೋಗೋ ಗಾಡಿಯಲ್ಲಿ ಮೀನಾ?"

"ತೊಳೆದೇ ಕಳಿಸ್ತಿದ್ದೆ. ಇಷ್ಟ್ ವರ್ಸದಲ್ಲಿ ವಾಸ್ನೆ ಬಂದಿತ್ತಾ ನಿಮ್ಗೆ?"

ಬಂದಿರಲಿಲ್ಲ. ಅದಕ್ಕೇ ಮೈ ಉರಿಯಿತು. ನಿನಗೆ ಗಾಡಿ ಓಡಿಸಲು ಬರುತ್ತದಾ ಎಂದು ಕೇಳಿದೆ. ಪೆಟ್ಟಿಗೆಯಿಂದ ಲೈಸೆನ್ಸ್ ತೆಗೆದು ತೋರಿಸಿದಳು. "ಅವ್ರೇ ಕಲ್ಸಿದ್ದು." ಹದಿನೆಂಟು ವರ್ಷ ಸಂಸಾರ ಮಾಡಿದ ನನಗೆ ಸ್ಟೇರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ನಿನಗೆ ಗಾಬರಿ ಜಾಸ್ತಿ ಎನ್ನುತ್ತಿದ್ದ.

ಆಗುವುದಿಲ್ಲ ಎಂದೆ. "ಓಗ್ಲಿ ಬುಡಿ, ಇಲೀನೇ ತಿನ್ಕಳ್ಲಿ" ಎಂದು ಚೀಲದ ಬಾಯಿ ಕಟ್ಟಿದಳು. ಬರಿಗೈಯಲ್ಲಿ ಬಂದೆ.

ಜೂನ್ ೨೫

ಮಂಟೇಸ್ವಾಮಿ ಭಾವ ಬಂದಿದ್ದರು. ಸಿದ್ದರಾಮನ ಅಣ್ಣ. ಕುರ್ಚಿಯಲ್ಲಿ ಕೂರುವ ಮೊದಲೇ ಹಿತ್ತಿಲಿಗೆ ಹೋಗಿ ಗಾಡಿಯ ಟೈರು ಒದ್ದು ನೋಡಿದರು.

"ನೋಡವ್ವ, ಹೆಂಗ್ಸು ಒಬ್ಳೇ ಏನ್ ಮಾಡ್ತೀಯ? ಶಾಮಿಯಾನ ಬಟ್ಟೆ ಮಾರ್ಬುಡು. ಗಾಡಿ ನಂಗ್ ಬುಡು. ತಮ್ಮನ್ ಗಾಡಿ ಅಣ್ಣನ್ ತಾವೇ ಇರ್ಲಿ."

ನೋಡೋಣ ಎಂದೆ. ಅವರ ಬೈಕು ತಿರುವು ದಾಟುವ ಮೊದಲೇ ಗೋಪಿನಾಥಂಗೆ ಫೋನ್ ಮಾಡಿ ಒಪ್ಪಿಕೊಂಡೆ. ವಾರಕ್ಕೆ ಎರಡು ದಿನ, ಅದೂ ತೊಳೆದು ಕೊಟ್ಟರೆ.

ಆದರೆ ಇಲ್ಲಿ ಬರೆದಿಡುತ್ತೇನೆ. ಇಂಜೆಕ್ಷನ್ ಗಾಡಿಗೆ ಕೂತು, ಆರ್‌ಸಿ ನನ್ನ ಹೆಸರಿಗೆ ಆಗುವವರೆಗೆ ಮಾತ್ರ ಈ ಒಪ್ಪಂದ. ಕಾಗದದ ಪ್ರಕಾರ ಹೆಂಡತಿ ನಾನೊಬ್ಬಳೇ. ಆಮೇಲೆ ಅವಳು ಹೊಳೆಯಲ್ಲಿ ಈಜಿಕೊಂಡಿರಲಿ.

ಜುಲೈ ೨, ಹನೂರು

ಟ್ರ್ಯಾಕ್ಟರ್‌ಗೆ ಕಟ್ಟಿ ಗಾಡಿಯನ್ನು ಹನೂರಿಗೆ ತಂದೆವು. ಮೆಕ್ಯಾನಿಕ್ ಜಡಯ್ಯನ ಷೆಡ್ಡು ಇಬ್ಬರಿಗೂ ನಡುದಾರಿ. ಅವಳು ಚೀಲಗಳನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಜಡಯ್ಯ ನಮ್ಮಿಬ್ಬರನ್ನೂ ನೋಡಿದ, ಗಾಡಿಯನ್ನು ನೋಡಿದ. "ಎಲ್ಡ್ ಟ್ಯಾಂಕಿನ್ ಗಾಡಿ" ಎಂದು ಮೀಸೆಯಡಿ ನಕ್ಕ. ಅವಳು ಕೈಯಲ್ಲಿದ್ದ ಪಂಪನ್ನು ಅವನ ಮುಂದೆ ದಡಾರನೆ ಇಟ್ಟು, "ನಗೋಕೆ ಬಂದಿಲ್ಲ ಕಣಣ್ಣ. ಕೆಲ್ಸ ನೋಡು" ಎಂದಳು. ನಾನು ಹೇಳಬೇಕಾದ ಮಾತನ್ನು ಅವಳು ಹೇಳಿದಳು. ಅದೂ ಇಷ್ಟವಾಗಲಿಲ್ಲ.

ಜುಲೈ ೯

ಕಾರ್ಬೊರೇಟರ್ ಇದ್ದ ಜಾಗಕ್ಕೆ ಹೊಸ ಮೂತಿ ಸರಿಯಾಗಿ ಕೂರಲಿಲ್ಲ. ಜಡಯ್ಯ ನಡುವೆ ಒಂದು ದಪ್ಪ ತಗಡು ಕೊರೆದು ಕೂರಿಸಿದ. ಹೊಗೆ ಕೊಳವೆಗೆ ರಂಧ್ರ ಮಾಡಿ ಸೆನ್ಸರ್ ಬೆಸೆದ. ಹೊಗೆಯ ವಾಸನೆ ನೋಡಿ ಕಂಪ್ಯೂಟರಿಗೆ ಚಾಡಿ ಹೇಳುವ ಕೆಲಸವಂತೆ ಅದರದ್ದು. ಅಂಥದ್ದೊಂದನ್ನು ಸಿದ್ದರಾಮನ ಕುತ್ತಿಗೆಗೂ ಬೆಸೆಯಬೇಕಿತ್ತು.

ದಿನಾ ಬರುವ ಅಗತ್ಯ ನನಗೆ ಇಲ್ಲ. ಅವಳು ಬರುತ್ತಾಳೆ ಎಂದು ನಾನೂ ಬರುತ್ತೇನೆ. ಇಲ್ಲದಿದ್ದರೆ ಯಾವ ಸಾಮಾನು ಎಲ್ಲಿ ಹೋಗುತ್ತದೋ. ಅವಳು ಟಾರ್ಚ್ ಹಿಡಿಯುತ್ತಾಳೆ, ಯಾವ ಸ್ಪ್ಯಾನರ್ ಬೇಕೆಂದು ಕೇಳುವ ಮೊದಲೇ ಕೊಡುತ್ತಾಳೆ. ಅವನ ಪಕ್ಕ ಹೀಗೇ ಕೂತಿರುತ್ತಿದ್ದಳು ಅನ್ನಿಸಿ ಟೀ ಅಂಗಡಿಗೆ ಎದ್ದು ಹೋದೆ.

ಜುಲೈ ೧೧

ಇವತ್ತೂ ಜಗಳ. ಬುತ್ತಿಯಲ್ಲಿ ಮೀನು ಸಾರು ತಂದಿದ್ದಳು. ನನ್ನ ಚೀಲದ ಪಕ್ಕ ಇಟ್ಟಿದ್ದಳು.

ಜುಲೈ ೧೫

ಮೊದಲು ಪೆಟ್ರೋಲ್ ತಾನಾಗಿ ಬಂದು ಕಾರ್ಬೊರೇಟರ್ ಸೇರುತ್ತಿತ್ತು. ಈಗ ಪಂಪು ಜೋರಾಗಿ ತಳ್ಳುತ್ತದೆ. ಎಂಜಿನ್ ಬೇಕಾದಷ್ಟು ಕುಡಿದು ಉಳಿದದ್ದನ್ನು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಜಡಯ್ಯ ಹೀಗೆ ಹೇಳುತ್ತಿದ್ದಾಗ ಅವಳು ಮಧ್ಯೆ ಬಾಯಿ ಹಾಕಿದಳು.

"ಯಾವ ಟ್ಯಾಂಕಿಂದ ಎಳೀತದೋ ಅದೇ ಟ್ಯಾಂಕಿಗೆ ವಾಪಸ್ ಓಗ್ಬೇಕು ಅಂತಿದ್ರು ಅವ್ರು. ಟ್ಯಾಂಕ್ ಬದ್ಲಾಯ್ಸಿದ್ರೆ ವಾಪಸ್ ಪೈಪೂ ಬದ್ಲಾಗ್ಬೇಕು. ಅದ್ಕೆ ಜೋಡಿ ವಾಲ್ವ್ ಬೇಕು."

"ಅದು ಕೊಯಮತ್ತೂರಿಂದ ಬರ್ಬೇಕು" ಎಂದ ಜಡಯ್ಯ. "ತಡಾಯ್ತದೆ."

"ಅವ್ರು ಹೇಳ್ತಿದ್ರು, ಅವ್ರು ಹೇಳ್ತಿದ್ರು! ಅವ್ರು ನನಗೂ ಏನೇನೋ ಹೇಳ್ತಿದ್ರು, ಒಂದೂ ನಿಜ ಆಗ್ಲಿಲ್ಲ" ಎಂದೆ. ದನಿ ಏರಿತ್ತು, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. "ವಾಪಸ್ ಪೈಪ್ ಮುಂದಿನ, ಸೀಟಿನಡಿ ಟ್ಯಾಂಕಿಗೇ ಹಾಕಪ್ಪ. ಶ್ರಾವಣಕ್ಕೆ ನನಗೆ ಗಾಡಿ ಬೇಕು."

ಜಡಯ್ಯ ತಲೆ ಕೆರೆದುಕೊಂಡ. "ಆಕ್ತೀನಿ. ಆದ್ರೆ ಹಿಂದಿನ್ ಟ್ಯಾಂಕಲ್ಲಿ ಓಡ್ಸುವಾಗ ಮುಂದಿನ್ದ ತುಂಬ್ಸಬ್ಯಾಡಿ ಕಣವ್ವ. ಜಾಗ ಇರ್ಲಿ."

ಅವಳು ಟಾರ್ಚ್ ಆರಿಸಿದಳು. ಗೆದ್ದೆ.

ಜುಲೈ ೨೦

ಸ್ಟಾರ್ಟ್ ಆಯಿತು!

ಕೀ ತಿರುಗಿಸಿದಾಗ ಮೊದಲು ಪಂಪು ಜೇನಿನಂತೆ ಗುಂಯ್ ಎಂದಿತು. ಆಮೇಲೆ ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು. ಚೋಕ್ ಎಳೆಯುವುದಿಲ್ಲ, ಪೆಡಲ್ ತುಳಿದು ತುಳಿದು ಬೈಯುವುದಿಲ್ಲ. ಅವಳು ಬಾನೆಟ್ ಮೇಲೆ ಅಂಗೈಯಿಟ್ಟು ನಿಂತಳು. ಅಳುತ್ತಿದ್ದಳು. ಎಂಜಿನ್ ಸ್ಟಾರ್ಟ್ ಆದರೆ ಅಳುವುದೇನು ಬಂತು. ಜಡಯ್ಯ ನನ್ನ ಮುಖ ನೋಡಿದ. ನಾನು ಹೊಗೆ ಕೊಳವೆ ನೋಡಿದೆ. ಹೊಗೆ ಇರಲಿಲ್ಲ.

ಜುಲೈ ೨೧

ಏನೂ ಮಾಡಲಿಲ್ಲ. ಅಡುಗೆಯನ್ನೂ.

ಜುಲೈ ೨೮

ಅಂಗೈಯೆಲ್ಲ ತರಚಿದೆ, ಅಕ್ಷರ ಸರಿಯಾಗಿ ಬರುತ್ತಿಲ್ಲ.

ಬೆಳಿಗ್ಗೆ ಗಾಡಿಯನ್ನು ದೂರ ಓಡಿಸಿ ನೋಡಬೇಕೆಂದು ಹನೂರಿನಿಂದ ಹೊರಟೆವು. ಅವಳು ಸ್ಟೇರಿಂಗ್‌ನಲ್ಲಿ, ನಾನು ಪಕ್ಕದಲ್ಲಿ. ಹಿಂದೆ ಖಾಲಿ ಮೀನಿನ ಪೆಟ್ಟಿಗೆ, ಒದ್ದೆ ಗೋಣಿಚೀಲಗಳು. ಹೇಳದೆ ಕೇಳದೆ ಹಾಕಿಕೊಂಡಿದ್ದಳೆಂದು ಆಗಲೇ ಒಂದು ಸುತ್ತು ಬೈದಿದ್ದೆ. ಬಂಕಿನಲ್ಲಿ ಎರಡೂ ಟ್ಯಾಂಕ್ ತುಂಬಿಸಲು ಹೇಳಿದೆ. ಅವಳು ತಿರುಗಿ, "ಜಡಯ್ಯಣ್ಣ ಏನಂದವ್ರೆ?" ಎಂದಳು. "ಬೆಟ್ಟದ ಕಡೆ ಬಂಕ್ ನಿನ್ನ ತಾತ ಇಟ್ಟಿದ್ದಾನಾ?" ಎಂದೆ. ಅಜ್ಜೀಪುರ ಹತ್ತಿರವಾದಾಗ, ಹಿಂದಿನ ಟ್ಯಾಂಕೂ ಎಳೆಯುತ್ತದೋ ಇಲ್ಲವೋ ನೋಡೋಣ, ತಿರುಗಿಸು ಎಂದೆ. ಬೇಡ ಎಂದಳು. ಗಾಡಿ ಯಾರದು ಎಂದು ಕೇಳಿದೆ. ತಿರುಗಿಸಿದಳು.

ಅಜ್ಜೀಪುರ ದಾಟಿದ ಮೇಲೆ ಪೆಟ್ರೋಲ್ ವಾಸನೆ ಬಂತು. ಹೊಸ ಇಂಜೆಕ್ಷನ್ ಹೀಗೇ ಇರಬೇಕು ಅಂದುಕೊಂಡೆ. ಅವಳು ಮೂಗು ಅರಳಿಸಿ ಗಾಡಿಯನ್ನು ಬದಿಗೆ ತೆಗೆಯುವಷ್ಟರಲ್ಲಿ ಅವಳ ಬಾಗಿಲಿನ ಕೆಳಗಿಂದ ಭಗ್ ಎಂದು ಬೆಂಕಿ ಎದ್ದಿತು. ಹಿಂದಿನಿಂದ ಎಳೆದ ಪೆಟ್ರೋಲ್ ತುಂಬಿದ್ದ ಮುಂದಿನ ಟ್ಯಾಂಕಿಗೇ ಬಂದು ಬಿದ್ದು, ಮುಚ್ಚಳದಿಂದ ಉಕ್ಕಿ, ಕಾದ ಸೈಲೆನ್ಸರ್ ಮೇಲೆ ಸುರಿದಿತ್ತು.

ಕೀ ಆಫ್ ಮಾಡಿದಳು. "ಇಳೀರಿ! ಇಳೀರಿ ಅಂದ್ರೆ!" ಎಂದು ನನ್ನನ್ನು ನನ್ನ ಕಡೆಯ ಬಾಗಿಲಿನಿಂದ ಹೊರಗೆ ನೂಕಿದಳು. ಮಣ್ಣಿನಲ್ಲಿ ಬಿದ್ದೆ. ಎದ್ದು ನೋಡಿದರೆ ಅವಳಿನ್ನೂ ಒಳಗೇ ಇದ್ದಳು. ಬಗ್ಗಿ ಸೀಟಿನಡಿ ಕೈ ಹಾಕಿ ಟ್ಯಾಂಕಿನ ನಲ್ಲಿ ಮುಚ್ಚುತ್ತಿದ್ದಳು. ಬೆಂಕಿ ಅವಳ ಮೊಣಕೈವರೆಗೆ ನೆಕ್ಕುತ್ತಿತ್ತು.

ಹಿಂದಿನಿಂದ ಗೋಣಿಚೀಲ ಎಳೆದುಕೊಂಡೆ. ಹೇಗೆ ಹತ್ತಿದೆನೋ ಗೊತ್ತಿಲ್ಲ. ಒದ್ದೆ ಗೋಣಿಯನ್ನು ಬೆಂಕಿಯ ಮೇಲೆ ಹಾಕಿ ಒತ್ತಿದೆ, ಇನ್ನೊಂದು ಹಾಕಿದೆ, ಕೈಯಿಂದ ಮಣ್ಣು ಬಾಚಿ ಬಾಚಿ ಎರಚಿದೆ. ಟೆಂಪೋದವರು ನಿಲ್ಲಿಸಿ ಅವರೂ ಮಣ್ಣು ಎರಚಿದರು. ಆರಿತು. ಅವಳ ಅಂಗಿಯ ಬಲತೋಳು ಮೈಗೆ ಅಂಟಿಕೊಂಡಿತ್ತು. ಆ ನೀಲಿ ಗೆರೆಯ ಅಂಗಿ.

ಟೆಂಪೋದಲ್ಲೇ ಹನೂರಿನ ಆಸ್ಪತ್ರೆಗೆ ಕರೆತಂದೆ. ದಾರಿಯುದ್ದಕ್ಕೂ ಒಂದು ಸಲವೂ ಕೂಗಲಿಲ್ಲ, ನನ್ನ ತೊಡೆಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಹೆಸರು ಬರೆದುಕೊಳ್ಳುವವರು, "ಇವರು ನಿಮಗೇನಾಗಬೇಕು?" ಎಂದರು.

"ನಮ್ಮ ಗಾಡಿ ಡ್ರೈವರ್" ಎಂದೆ.

ನೋವಿನಲ್ಲೂ ನನ್ನನ್ನು ಕೆಕ್ಕರಿಸಿ ನೋಡಿದಳು.

ಜುಲೈ ೨೯

ಜಡಯ್ಯನ ಷೆಡ್ಡಿಗೆ ಹೋಗಿ ಅವನ ಜನ್ಮ ಜಾಲಾಡಿದೆ. "ನಮ್ಮನ್ನ ಸುಡೋಕೆ ಹೊರಟಿದ್ಯೇನಪ್ಪ?" ಎಂದೆ. ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತ, "ನಾನ್ ಯೋಳಿದ್ನಲ್ಲವ್ವ" ಎಂದು ಮೆಲ್ಲಗೆ ಹೇಳಿದ. ಕೇಳಿಸದವಳಂತೆ ಬಂದೆ.

ಬೆಂಕಿ ಹೇಗೆ ಹತ್ತಿತು ಎಂದು ಆಸ್ಪತ್ರೆಯಲ್ಲಿ ನರ್ಸ್ ಕೇಳಿದರಂತೆ. "ಹಳೇ ಗಾಡಿ, ಗೊತ್ತಾಗ್ನಿಲ್ಲ" ಅಂದಳಂತೆ ಮಹದೇವಿ. ನನ್ನ ಹೆಸರು ಯಾಕೆ ಹೇಳಲಿಲ್ಲವೋ. ಋಣದಲ್ಲಿ ಇಟ್ಟುಕೊಳ್ಳುವ ಉಪಾಯ ಇರಬೇಕು.

ಜುಲೈ ೩೧, ಯಳಂದೂರು

ದಿನ ಬಿಟ್ಟು ದಿನ ಕಟ್ಟು ಬಿಚ್ಚಿ ಕಟ್ಟಬೇಕು ಎಂದರು ಡಾಕ್ಟರು. ಗೋಪಿನಾಥಂನಿಂದ ಬಸ್ಸಿನಲ್ಲಿ ಹಾಗೆ ಓಡಾಡಲು ಆಗುವುದಿಲ್ಲ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ನಮ್ಮ ಗೋದಾಮಿನಲ್ಲಿ ಶಾಮಿಯಾನದ ಸುರುಳಿಗಳ ಮೇಲೆ ಮಲಗಿಕೊಳ್ಳಲಿ ಎಂದಿದ್ದೇನೆ. ಮನೆಯೊಳಗೆ ಬೇಡ.

ಆಗಸ್ಟ್ ೨

ಗೋದಾಮು ಸೋರುತ್ತಿದೆ. ಒದ್ದೆ ಬಟ್ಟೆಯ ಮೇಲೆ ಮಲಗಿ ಕೈಗೆ ಕೀವು ತುಂಬಿದರೆ ನನ್ನ ತಲೆಗೇ ಬರುತ್ತದೆ. ಪಡಸಾಲೆಯಲ್ಲಿ ಚಾಪೆ ಹಾಕಿದೆ.

ಅವಳಿಗೆ ಬಲಗೈ ಆಡುವುದಿಲ್ಲ. ತಲೆ ಕೂದಲು ಹಕ್ಕಿ ಗೂಡಿನಂತಾಗಿತ್ತು, ನೋಡಲಾಗದೆ ಬಾಚಿದೆ. ಸಿಕ್ಕು ಬಿಡಿಸುವಾಗ ಬೇಕೆಂದೇ ಜೋರಾಗಿ ಎಳೆದೆ. "ಕಿತ್ತೇ ಬುಡಿ ಅತ್ಲಾಗೆ" ಎಂದಳು. ಅನ್ನ ಸಾರು ಎಡಗೈಯಲ್ಲಿ ಚೆಲ್ಲಿಕೊಂಡು ತಿನ್ನುತ್ತಾಳೆ. ಮೀನಿಲ್ಲದೆ ನಾಲಿಗೆ ಸತ್ತಿದೆಯಂತೆ. ಸಾಯಲಿ.

ಆಗಸ್ಟ್ ೬

ಕೊಯಮತ್ತೂರಿನ ಜೋಡಿ ವಾಲ್ವ್ ಬಂತು. ಜಡಯ್ಯ ಸುಟ್ಟ ಪೈಪುಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕಿದ. ಈಗ ಒಂದು ಗುಂಡಿ ಒತ್ತಿದರೆ ಹೋಗುವ ದಾರಿ, ಬರುವ ದಾರಿ ಎರಡೂ ಒಟ್ಟಿಗೆ ಬದಲಾಗುತ್ತವೆ. ಡಬ್ಬಿಯಲ್ಲಿ ಪೆಟ್ರೋಲ್ ಹಿಡಿದು ನಮ್ಮೆದುರೇ ತೋರಿಸಿದ. ಮಹದೇವಿ ಬಗ್ಗಿ ಪ್ರತಿಯೊಂದು ಪೈಪನ್ನೂ ಮೂಸಿ ನೋಡಿದಳು. ನಾನೂ ಮೂಸಿದೆ.

ಆದರೆ ಓಡಿಸುವವರು ಯಾರು? ಅವಳ ಕೈ ಇನ್ನೂ ಕಟ್ಟಿನಲ್ಲಿದೆ.

"ನೀವೇ ಕಲೀರಿ" ಎಂದಳು.

"ನನಗೆ ಗಾಬರಿ ಜಾಸ್ತಿ."

"ಯಾರಂದದ್ದು? ಬೆಂಕಿ ಆರ್ಸಿದ್ದು ಯಾರು ಅಂಗಾರೆ?"

ಆಗಸ್ಟ್ ೧೪

ಕಲಿಯುವವರ ಲೈಸೆನ್ಸ್, ಎಲ್‌ಎಲ್‌ಆರ್, ಕೈಗೆ ಬಂತು. ಕೊಳ್ಳೇಗಾಲದ ರಸ್ತೆಯಲ್ಲಿ ಕಲಿಯುತ್ತಿದ್ದೇನೆ. ಪಕ್ಕದಲ್ಲಿ ಕೂತು ಮಹದೇವಿ ಬೈಯುವುದನ್ನು ಕೇಳಿದರೆ ಗದ್ದೆಯಲ್ಲಿರುವವರೂ ತಲೆ ಎತ್ತುತ್ತಾರೆ. "ಕ್ಲಚ್ಚು! ಕ್ಲಚ್ಚು ಕಣಕ್ಕ, ಅದು ಬ್ರೇಕು! ಎಮ್ಮೆ ಮುಂದೆ ಯಾಕ್ ಹಾರನ್ ಒಡೀತೀರಿ, ಅದ್ಕೇನ್ ಮದ್ವೆ ಪತ್ರಿಕೆ ಕೊಟ್ಟಿದ್ದೀರಾ?" ನಾನೂ ಬಿಡಲಿಲ್ಲ, ನಿನ್ನ ಗಂಟಲು ಸೀದುಹೋಗ ಎಂದೆ. ಎಲ್ಲೂ ನಿಲ್ಲದೆ ಯಳಂದೂರು ಮುಟ್ಟಿದೆವು.

ಆಗಸ್ಟ್ ೧೬

ಭಾವ ಬಂದರು. ಪಡಸಾಲೆಯಲ್ಲಿ ಮಹದೇವಿ ಕಾಲು ಚಾಚಿ ಕೂತು ಎಡಗೈಯಿಂದ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಬಾಗಿಲಲ್ಲೇ ನಿಂತು ನೋಡಿದರು.

"ಇವಳ್ನ ಹೊಸ್ಲು ದಾಟ್ಸಿದ್ದೀಯಾ? ತಲೆ ಕೆಟ್ಟದಾ ನಿಂಗೆ?"

ಗೋದಾಮು ಸೋರುತ್ತಿತ್ತು ಎಂದೆ.

"ಈಚೆಗ್ ಬಾ" ಎಂದು ಅಂಗಳಕ್ಕೆ ಕರೆದರು. ಅವಳಿಗೆ ಕೇಳಲಿ ಎಂದೇ ಜೋರಾಗಿ ಹೇಳುತ್ತಿದ್ದರು. "ಗಾಡಿ ರೆಡಿ ಆಯ್ತಲ್ಲ. ಇಂಜೆಕ್ಷನ್ನೂ ಕೂತ್ಕತ್ತು. ಇನ್ನು ಇವಳ್ದೇನ್ ಕೆಲ್ಸ? ಓಡ್ಸು ಅತ್ಲಾಗೆ. ಆರ್‌ಸಿ ಮಾಡ್ಸೋಕೆ ನಾನ್ ಓಡಾಡ್ತೀನಿ. ಕಾಗ್ದದಲ್ಲಿ ಅವಳ್ಯಾವಳು?"

ಕೇಳುತ್ತಿದ್ದಂತೆ ನನ್ನ ರಕ್ತ ಕುದಿಯಿತು. ಎಂಥ ನೀಚತನ. ಸುಟ್ಟ ಕೈಯವಳನ್ನು, ಸಾಮಾನು ತಂದು ಕೊಟ್ಟವಳನ್ನು, ಕೆಲಸ ಮುಗಿಯಿತೆಂದು ಬೀದಿಗೆ ತಳ್ಳುವುದಂತೆ. ಮನುಷ್ಯರಿಗೆ ಇಂಥ ಯೋಚನೆಯಾದರೂ ಹೇಗೆ ಬರುತ್ತದೆ?

"ಗಾಡಿಗೆ ಡ್ರೈವರ್ ಬೇಕು ಭಾವ" ಎಂದೆ. "ನೀವು ಬರ್ತೀರಾ, ಕುರ್ಚಿ ಹೊರೋಕೆ, ಪಾತ್ರೆ ತೊಳೆಯೋಕೆ?"

ಬಾಗಿಲ ಪಕ್ಕದ ಗೂಟದಲ್ಲಿ ತೂಗುತ್ತಿದ್ದ ಗಾಡಿಯ ಕೀಗೆ ಕೈ ಹಾಕಿದರು. ಒಳಗಿನಿಂದ ಮಹದೇವಿ ಬಂದು ಅಡ್ಡ ನಿಂತಳು. ಅವಳನ್ನು ತಳ್ಳಲು ಕಟ್ಟು ಹಾಕಿದ ಕೈಯನ್ನೇ ಹಿಡಿದರು. ಅವಳು ಅಯ್ಯೋ ಎಂದಳು. ಆ ದಿನ ಬೆಂಕಿಯಲ್ಲೂ ಅನ್ನದವಳು.

ಗೋಡೆಗೆ ಒರಗಿಸಿದ್ದ ಶಾಮಿಯಾನದ ಗಳ ನನ್ನ ಕೈಗೆ ಬಂತು. "ಕೈ ಬಿಡಿ. ಇಲ್ಲಾಂದ್ರೆ ಭಾವ ಅನ್ನೋದನ್ನ ಮರೀತೀನಿ." ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಭಾವ ಕೈ ಬಿಟ್ಟರು. "ಇಬ್ರೂ ಸೇರ್ಕಂಡು ಮಣ್ಣು ತಿಂತೀರಿ" ಎಂದು ಬೈಕ್ ಒದ್ದರು. ಮೂರು ಸಲ ಒದ್ದರೂ ಹಿಡಿಯಲಿಲ್ಲ. ತಳ್ಳಿಕೊಂಡೇ ಹೋದರು.

ಮಹದೇವಿಯ ಕಟ್ಟಿನಲ್ಲಿ ರಕ್ತ ಕಾಣಿಸಿತ್ತು. ಬಿಚ್ಚಿ ಬೇರೆ ಕಟ್ಟಿದೆ. ಹುರುಳಿಕಾಯಿ ಪಲ್ಯ ಉಪ್ಪಾಯಿತು.

ಆಗಸ್ಟ್ ೨೦, ಕೊಳ್ಳೇಗಾಲ

ಹೊಗೆ ಪರೀಕ್ಷೆ ಪಾಸು. ಯಂತ್ರದ ಮುಂದೆ ಕೂತವರು ಎರಡೆರಡು ಸಲ ನೋಡಿ, "ಈ ಗಾಡೀನಾ?" ಎಂದರು. ಆರ್‌ಸಿಗೂ ಕಾಗದ ಕೊಟ್ಟೆ, ನನ್ನ ಹೆಸರಿಗೆ. ಸೋಮವಾರ ಮತ್ತು ಗುರುವಾರ ಮೀನಿಗೆ. ಶನಿವಾರವೂ ಖಾಲಿ ಇದ್ದರೆ ತೆಗೆದುಕೊಂಡು ಹೋಗಲಿ, ಸುಮ್ಮನೆ ನಿಂತರೆ ಬ್ಯಾಟರಿ ಇಳಿಯುತ್ತದೆ.

ಆಗಸ್ಟ್ ೨೫

ಲೊಕ್ಕನಹಳ್ಳಿಯಲ್ಲಿ ಮೊದಲ ಮದುವೆ ಆರ್ಡರ್. ಇಳಿಸಿ, ಕಟ್ಟಿಸಿ ಬರುವಾಗ ಸಂಜೆ ಬಿಸಿಲು ಇನ್ನೂ ಇತ್ತು. ಮಹದೇವಿಯ ಕೈ ಪರವಾಗಿಲ್ಲ, ಅವಳೇ ಓಡಿಸುತ್ತಿದ್ದಳು. ಊರು ದಾಟಿದ ಮೇಲೆ ರಸ್ತೆಯಲ್ಲಿ ಆನೆಗಳು, ಮರಿಯೂ ಇತ್ತು. ದೂರದಲ್ಲೇ ನಿಲ್ಲಿಸಿದಳು, ಎಂಜಿನ್ ಆರಿಸಲಿಲ್ಲ. ಮೊದಲಾಗಿದ್ದರೆ ಹೀಗೆ ನಿಂತಲ್ಲೇ ಕೆಮ್ಮಿ ಕೆಮ್ಮಿ ಆರಿಹೋಗುತ್ತಿತ್ತು. ಈಗ ಒಂದೇ ಸಮ ಉಸಿರಾಡುತ್ತಿತ್ತು.

ಆನೆಗಳು ಬಿದಿರು ಮುರಿಯುತ್ತ ನಿಂತವು. ಅವಳು ಮುಂದೆಯೇ ನೋಡುತ್ತ ಕೇಳಿದಳು. "ಕೊನೇಲಿ ತುಂಬಾ ನೋವಾಯ್ತಾ ಅವ್ರಿಗೆ?"

ಆ ದಿನದಿಂದ ಈವರೆಗೆ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಗಾಡಿ ಏನು ಮಾಡ್ತೀಯ, ಮನೆ ಏನು ಮಾಡ್ತೀಯ ಎಂದೇ ಎಲ್ಲರೂ ಕೇಳಿದ್ದು.

"ಇಲ್ಲ ಅನ್ಸುತ್ತೆ" ಎಂದೆ. "ಶಾಮಿಯಾನದ ಪಕ್ಕದ ಪರದೆ ಹರಿದು ತಂದಿದ್ದಾರೆ ಅಂತ ಆಳುಗಳನ್ನ ಬೈತಿದ್ರು. ಯಾಕೋ ಸುಸ್ತು ಅಂತ ಕುರ್ಚಿ ಮೇಲೆ ಕೂತ್ರು. ನೀರು ಕೇಳಿದ್ರು. ನಾನು ತರೋಷ್ಟರಲ್ಲಿ ಕತ್ತು ವಾಲಿತ್ತು."

"ಏನಾದ್ರೂ ಅಂದ್ರಾ?"

"ನಿನ್ನ ಹೆಸರೂ ಹೇಳ್ಲಿಲ್ಲ, ನನ್ನ ಹೆಸರೂ ಹೇಳ್ಲಿಲ್ಲ. ನೀರು ಅಂದ್ರು, ಅಷ್ಟೇ."

ತಲೆ ಆಡಿಸಿದಳು. "ನಾನ್ ಮುಖಾನೂ ನೋಡ್ನಿಲ್ಲ. ಮಣ್ ಮಾಡಿದ್ ಜಾಗಾನಾರಾ ತೋರುಸ್ತೀರಾ?" ಎಂದಳು.

ಆನೆಗಳು ಕಾಡಿನೊಳಗೆ ಇಳಿದವು. ಗೇರ್ ಹಾಕಿದಳು.

ಆಗಸ್ಟ್ ೨೬, ಯಳಂದೂರು

ಬೆಳಿಗ್ಗೆ ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಹೂವು ನಾನೇ ತೆಗೆದುಕೊಂಡೆ. ಅವಳು ತರುವ ಹೂವು ಚೆನ್ನಾಗಿರುವುದಿಲ್ಲ.

ನಾನು ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಿದ್ದಾಗ ಅವಳು ಮುಂದೆ ಹೋಗಿಬಿಟ್ಟಳು. ಹೊಸ ಮಣ್ಣು ಕಂಡಲ್ಲಿ ಕುಸಿದು ಕೂತಳು. ಆ ಅಳುವಿಗೆ ಮರದ ಮೇಲಿನ ಕಾಗೆಗಳು ಎದ್ದವು. ಎರಡೂ ಅಂಗೈಯಲ್ಲಿ ಮಣ್ಣಿಗೆ ಬಡಿದಳು. ತಮಿಳಿನಲ್ಲಿ ಬೈದಳು, ಕನ್ನಡದಲ್ಲಿ ಬೈದಳು. ಯೋಳ್ದೆ ಓದ್ಯಲ್ಲ, ಕಳ್ಳ, ಇಬ್ರಿಗೂ ಸುಳ್ ಯೋಳ್ದ್ಯಲ್ಲ, ನಿನ್ ಬಾಯಿಗೆ ಮಣ್ ಆಕ ಎಂದಳು. ಆಮೇಲೆ ಬೋರಲು ಮಲಗಿ ಸಣ್ಣದಾಗಿ ಅತ್ತಳು. ನಾನು ಹೇಳಲೆಂದು ಬಾಯಿ ತೆರೆದೆ. ಆಗಲಿಲ್ಲ. ಮುಗಿಯಲಿ ಎಂದು ಹೂವಿನ ಕವರ್ ಹಿಡಿದು ನಿಂತೆ.

ಎದ್ದು ಮೂಗು ಒರೆಸಿಕೊಂಡ ಮೇಲೆ ಹೇಳಿದೆ.

"ಮಹದೇವಿ, ಅದು ಹಾಲಿನ ಡೇರಿ ಸೆಕ್ರೆಟರಿಯ ಅತ್ತೆ. ನಮ್ಮೋರು ಆ ಬೇವಿನ ಮರದ ಹತ್ರ."

ಅವಳು ಮಣ್ಣನ್ನು ನೋಡಿದಳು, ನನ್ನನ್ನು ನೋಡಿದಳು. "ಅಯ್ಯಯ್ಯೋ, ಈ ಯಮ್ಮಂಗೆ ಇಷ್ಟೊಂದ್ ಬೈದ್ನಲ್ಲಕ್ಕ!"

ನನಗೆ ನಗು ಬಂತು. ಸ್ಮಶಾನದಲ್ಲಿ ನಗಬಾರದೆಂದು ಸೆರಗು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ಅವಳು ಆ ಮಣ್ಣಿಗೆ ಕೈಮುಗಿದು ತಪ್ಪಾಯ್ತು ತಾಯಿ ಎಂದಾಗ ಇನ್ನೂ ಹೆಚ್ಚಾಯಿತು. ಅವಳೂ ನಗತೊಡಗಿದಳು. ಒಬ್ಬರ ತೋಳು ಒಬ್ಬರು ಹಿಡಿದುಕೊಂಡು, ಬೀಳದ ಹಾಗೆ, ಬೇವಿನ ಮರದವರೆಗೆ ನಡೆದೆವು.

ಅಲ್ಲಿ ನಿಂತಾಗ ಅವಳ ಅಳು ಮುಗಿದುಹೋಗಿತ್ತು. ನನ್ನದು ಶುರುವಾಯಿತು. ನಗುವೇ ಯಾವಾಗ ಹಾಗಾಯಿತೋ ತಿಳಿಯಲಿಲ್ಲ. ಹೂವಿನ ಕವರ್ ಕೈಯಿಂದ ಬಿತ್ತು.

"ಅತ್ಬುಡಿ" ಎಂದಳು. "ನಾನ್ ಗಾಡೀಲಿ ಕೂತಿರ್ತೀನಿ."

"ಹೋಗಬೇಡ" ಎಂದೆ.